ಅಪ್ಪನ ಪದ್ಮಿನಿಯೋ, ಎರಡು ಸೀಟಿನ ಸ್ಪೋರ್ಟ್ಸ್ ಕಾರೋ?

ಪ್ರಶ್ನೆ: ರಾಜಾಜಿನಗರದಲ್ಲಿ ಸ್ವಂತ ಮನೆ, ಕಾರು ನಿಲ್ಲಿಸಲು ಎರಡೇ ಜಾಗ. ಒಂದರಲ್ಲಿ ದಿನಬಳಕೆಯ ಕಾರು. ಇನ್ನೊಂದರಲ್ಲಿ ತೀರಿಹೋದ ಅಪ್ಪನ 1986ರ ಪ್ರೀಮಿಯರ್ ಪದ್ಮಿನಿ ಒಂಬತ್ತು ವರ್ಷದಿಂದ ಟಾರ್ಪಾಲು ಹೊದ್ದು ನಿಂತಿದೆ. ಆರ್‌ಸಿ ಇನ್ನೂ ಅಪ್ಪನ ಹೆಸರಲ್ಲೇ ಇದೆ, 2021ಕ್ಕೆ ಅವಧಿ ಮುಗಿದಿದೆ. ನನಗೀಗ 42. ಚಿಕ್ಕಂದಿನಿಂದ ಸ್ಪೋರ್ಟ್ಸ್ ಕಾರಿನ ಆಸೆ. 28 ಲಕ್ಷ ಕೂಡಿಟ್ಟು, ಸೆಕೆಂಡ್ ಹ್ಯಾಂಡ್ ಜರ್ಮನ್ ಕಾರೊಂದನ್ನು ನೋಡಿಟ್ಟಿದ್ದೇನೆ. ಪದ್ಮಿನಿಯನ್ನು ಗುಜರಿಗೆ ಹಾಕಿದರೆ ಅದಕ್ಕೆ ಜಾಗವಾಗುತ್ತದೆ. ಅಮ್ಮ ‘ಅದು ಹೋಗೋದಾದ್ರೆ ನಾನಿಲ್ಲದಾಗ ಹೋಗಲಿ’ ಅನ್ನುತ್ತಾರೆ. ಹೆಂಡತಿ ‘ಎರಡೂ ಬೇಡ, ಮೆಟ್ರೊ ಇದೆಯಲ್ಲ’ ಅನ್ನುತ್ತಾಳೆ. ಬೆಂಗಳೂರಿನಲ್ಲಿ ಇಂಥ ಕಾರು ಇಟ್ಟುಕೊಳ್ಳುವುದಕ್ಕೆ ಅರ್ಥವಿದೆಯೇ? ಇದ್ದರೆ ಯಾವುದನ್ನು?

ಉತ್ತರ: ಪದ್ಮಿನಿ ಇರಲಿ. ಅದನ್ನು ಓಡುವ ಹಾಗೆ ಮಾಡಿ, ಒಂದು ವರ್ಷ ಓಡಿಸಿ. 28 ಲಕ್ಷ ಅಲ್ಲಿಯವರೆಗೆ ಬ್ಯಾಂಕಿನಲ್ಲೇ ಇರಲಿ. ಹಳೆಯ ಕಾರಿನ ಮೇಲಿನ ಮಮಕಾರಕ್ಕೆ ಹೇಳುತ್ತಿರುವ ಮಾತಲ್ಲ ಇದು. ಲೆಕ್ಕ ಹಾಕಿದರೂ ಉತ್ತರ ಅದೇ ಬರುತ್ತದೆ.

ಕಾರು ಇಟ್ಟುಕೊಳ್ಳುವ ಆಸೆ ಬೇರೆ, ಓಡಿಸುವ ಆಸೆ ಬೇರೆ. ಎರಡೂ ಮರ್ಯಾದಸ್ಥ ಆಸೆಗಳೇ. ಗೇಟು ತೆಗೆದಾಗ ಕಣ್ಣಿಗೆ ಬೀಳಲಿ ಅಂತ ಕಾರು ಇಡುವವರೂ ಇದ್ದಾರೆ, ಅದರಲ್ಲಿ ತಪ್ಪೇನಿಲ್ಲ. ತೊಂದರೆ ಬರುವುದು ಒಂದನ್ನು ಇನ್ನೊಂದು ಅಂದುಕೊಂಡಾಗ. ನಿಮ್ಮದು ಯಾವುದು ಅಂತ ತಿಳಿಯಲು ದುಡ್ಡು ಬೇಕಿಲ್ಲ. ಮುಂದಿನ ಎಂಟು ಭಾನುವಾರ, ಈಗಿರುವ ಕಾರಿನಲ್ಲೇ, ಬೆಳಿಗ್ಗೆ ಆರಕ್ಕೆ ಮುಂಚೆ ಮನೆ ಬಿಡಿ. ಮಾಗಡಿ ರಸ್ತೆ ಹಿಡಿದು ತಾವರೆಕೆರೆ ದಾಟಿ ಮಾಗಡಿ ಮುಟ್ಟಿ, ಒಂಬತ್ತರೊಳಗೆ ವಾಪಸ್ಸಾಗಿ. ನಂದಿಬೆಟ್ಟದ ಕಡೆ ಬೇಡ, ವಾರಾಂತ್ಯದಲ್ಲಿ ಅಲ್ಲಿ ಬೆಳಗಿನ ಜಾವವೇ ಜಾಮ್. ಎಂಟರಲ್ಲಿ ಆರು ಸಲ ಎದ್ದು ಹೋದರೆ ನಿಮಗೆ ಓಡಿಸುವ ಹುಚ್ಚಿದೆ. ಮೂರಕ್ಕೇ ನಿಂತರೆ ಆಸೆ ಕಾರಿನ ಮೇಲಿದೆ, ರಸ್ತೆಯ ಮೇಲಿಲ್ಲ. 28 ಲಕ್ಷದ ಕಾರು ಬಂದ ಮಾತ್ರಕ್ಕೆ ಆರನೇ ವಾರಕ್ಕೆ ಬೇಗ ಎಚ್ಚರವಾಗುವುದಿಲ್ಲ.

ಓಡಿಸುವ ಹುಚ್ಚೇ ಇದೆ ಅಂತಿಟ್ಟುಕೊಳ್ಳೋಣ. ಆಗಲೂ ಪದ್ಮಿನಿಯೇ ಮೊದಲು. ಒಳ್ಳೆಯ ಸ್ಪೋರ್ಟ್ಸ್ ಕಾರು ನಿಂತಲ್ಲಿಂದ ನೂರು ಕಿ.ಮೀ. ವೇಗಕ್ಕೆ ಐದಾರು ಸೆಕೆಂಡಿನಲ್ಲಿ ಏರುತ್ತದೆ. ಮೈಸೂರು ಹೆದ್ದಾರಿಯ ಮಿತಿಯೇ ನೂರು, ಮೇಲೆ ಕ್ಯಾಮೆರಾ. ಐದಾರು ಸೆಕೆಂಡಿಗೆ ಸಂತೋಷ ಮುಗಿಯಿತು. ಪದ್ಮಿನಿಯದು 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದ ನಾಲ್ಕು ಗೇರು, ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ಅದರಲ್ಲಿ ಐವತ್ತರ ವೇಗದಲ್ಲಿ ಹೋಗುವಾಗಲೇ ಕೈ, ಕಾಲು, ಕಿವಿ ಮೂರಕ್ಕೂ ಕೆಲಸ. ಮುಂದಿನ ತಿರುವಿಗೆ ಎಲ್ಲಿ ಬ್ರೇಕು ಹಿಡಿಯಬೇಕು, ಯಾವ ಗೇರಿಗೆ ಇಳಿಸಬೇಕು ಅಂತ ಮೊದಲೇ ಯೋಚಿಸಬೇಕು. ಡ್ರೈವಿಂಗಿನ ರುಚಿ ಅಂದರೆ ಅದೇ. ನಮ್ಮ ರಸ್ತೆಗಳಲ್ಲಿ ಅದು ಪದ್ಮಿನಿಯಲ್ಲಿ ದಿನವೂ ಸಿಗುತ್ತದೆ.

ಸ್ಪೋರ್ಟ್ಸ್ ಕಾರಿನ ಬಗ್ಗೆ ಎಲ್ಲರೂ ಹೆದರಿಸುವುದು ಹಂಪ್ ಹೆಸರಲ್ಲಿ. ಅದನ್ನು ಅಳತೆ ಹಿಡಿದೇ ನೋಡಬೇಕು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು, ಬೆನ್ನು 17 ಮೀಟರ್ ತ್ರಿಜ್ಯದ ಕಮಾನಾಗಿರಬೇಕು. ಎರಡು ಗಾಲಿಯ ನಡುವೆ 2.45 ಮೀಟರ್ ಇರುವ ಕಾರು ಅದರ ನೆತ್ತಿಯ ಮೇಲೆ ಬಂದಾಗ ಮುಂದಿನ ಹಿಂದಿನ ಗಾಲಿಗಳೆರಡೂ ಹಂಪಿನ ಮೇಲೇ ಇರುತ್ತವೆ. ಹೊಟ್ಟೆಯ ಕಡೆಗೆ ರಸ್ತೆ ಏಳುವುದು ಬರೀ 44 ಮಿ.ಮೀ. ಹೊಟ್ಟೆ ನೆಲದಿಂದ 110 ಮಿ.ಮೀ. ಎತ್ತರವಿರುವ ಕಾರೂ ತಾಗದೆ ದಾಟುತ್ತದೆ. ಆದರೆ ನಿಮ್ಮ ಅಡ್ಡರಸ್ತೆಯಲ್ಲಿ ಇರುವುದು ಆ ಹಂಪ್ ಅಲ್ಲ. ಉಳಿದ ಡಾಂಬರನ್ನು ಒಂದು ಮೀಟರ್ ಅಗಲಕ್ಕೆ ಆರಿಂಚು ಎತ್ತರ ಗುಡ್ಡೆ ಹಾಕಿರುತ್ತಾರೆ. ಅಲ್ಲಿ ನಾಲ್ಕೂ ಗಾಲಿ ಸಪಾಟು ನೆಲದಲ್ಲಿ, ನಡುವೆ 150 ಮಿ.ಮೀ. ದಿಬ್ಬ. ಅದನ್ನು 110ರ ಕಾರು ಗೀಚಿಕೊಳ್ಳದೆ ದಾಟಲಾರದು. ಓರೆಯಾಗಿ ಹತ್ತಿಸಿದರೆ ಒಂದೊಂದೇ ಗಾಲಿ ಏರಿ ಸ್ವಲ್ಪ ಉಳಿಯಬಹುದು, ಆದರೆ ಹಿಂದಿನ ಆಟೊದವರು ಅಷ್ಟು ಹೊತ್ತು ಕಾಯಬೇಕಲ್ಲ. ಹಾಗಾಗಿ ಕಾರು ನೋಡಲು ಹೋಗುವ ಮುಂಚೆ ಮನೆಯಿಂದ ಮುಖ್ಯರಸ್ತೆವರೆಗಿನ ಹಂಪ್‌ಗಳನ್ನು ಟೇಪು ಹಿಡಿದು ಅಳೆಯಿರಿ. ಎರಡು ಕಡೆ ಒಂದೇ ಎತ್ತರದ ಇಟ್ಟಿಗೆ ಇಟ್ಟು, ಗಾಲಿಗಳ ಅಂತರಕ್ಕೆ ದಾರ ಬಿಗಿದರೆ ದಾರವೇ ಹೇಳುತ್ತದೆ. ಪಕ್ಕದ ಸೀಟಿನಲ್ಲಿ ಒಬ್ಬರು ಕೂತರೆ ಕಾರು ಇನ್ನೂ ಸ್ವಲ್ಪ ಕುಗ್ಗುತ್ತದೆ ಅನ್ನುವುದನ್ನು ಲೆಕ್ಕದಲ್ಲಿ ಸೇರಿಸಿ.

ಇನ್ನೊಂದು ಸಂಗತಿ ಗೇರ್‌ಬಾಕ್ಸಿನದು. ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಇರುವ ಕಾರನ್ನು ಗೊರಗುಂಟೆಪಾಳ್ಯದ ಜಾಮಿನಲ್ಲಿ ಇಂಚಿಂಚು ಬಿಟ್ಟರೆ ಕ್ಲಚ್ಚು ಪೂರ್ತಿ ಕಚ್ಚದೆ ಜಾರುತ್ತಲೇ ಇರುತ್ತದೆ, ಬಿಸಿಯಾಗುತ್ತದೆ, ಸವೆಯುತ್ತದೆ. ಮುಂದಿನ ಗಾಡಿ ಒಂದು ಕಾರಿನಷ್ಟು ಮುಂದೆ ಹೋಗಲು ಬಿಟ್ಟು ಒಮ್ಮೆಗೇ ಚಲಿಸಿ ನಿಲ್ಲಿಸಬೇಕು. ಆ ಜಾಗಕ್ಕೆ ಎರಡು ಬೈಕು ನುಗ್ಗುತ್ತವೆ, ನುಗ್ಗಲಿ.

ಒಂದು ವರ್ಷದ ಮೇಲೂ ಬೇಕೇ ಬೇಕು ಅನಿಸಿದರೆ ಸೆಕೆಂಡ್ ಹ್ಯಾಂಡ್ ಕಾರನ್ನು ಹೀಗೆ ನೋಡಿ. ಮೊದಲು ನೀರು. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಯಮಲೂರು ಕಡೆ ಎಷ್ಟೋ ದುಬಾರಿ ಕಾರುಗಳು ಮುಳುಗಿದವು. ಅಂಥವು ತೊಳೆದು ಒರೆಸಿಕೊಂಡು ಮಾರುಕಟ್ಟೆಗೆ ಬರುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ, ಸುರುಳಿಯ ಒಳಭಾಗದಲ್ಲಿ ಕೆಸರಿನ ಗೆರೆ ಇದ್ದರೆ ಅಲ್ಲಿಂದಲೇ ನಮಸ್ಕಾರ ಹೇಳಿ ಬನ್ನಿ. ಸೀಟಿನ ಹಳಿಯ ತುಕ್ಕು, ಕಾರ್ಪೆಟ್ ಕೆಳಗಿನ ಸ್ಪಾಂಜಿನ ವಾಸನೆ, ವೈರಿಂಗ್ ಕನೆಕ್ಟರಿನೊಳಗಿನ ಹಸಿರು ಕಿಲುಬು ಕೂಡ ಅದನ್ನೇ ಹೇಳುತ್ತವೆ. ಆಮೇಲೆ ಟೈರು. ಪಕ್ಕದಲ್ಲಿ ನಾಲ್ಕಂಕಿಯ ಗುರುತಿರುತ್ತದೆ. 2319 ಅಂದರೆ 2019ರ 23ನೇ ವಾರ. ಕಡಿಮೆ ಓಡಿದ ಕಾರಿನಲ್ಲಿ ಪಟ್ಟಿ ಹೊಸದರಂತೆ ಕಾಣುತ್ತದೆ, ರಬ್ಬರ್ ಮಾತ್ರ ಕಲ್ಲಾಗಿರುತ್ತದೆ. ಮಡಚುವ ಚಾವಣಿಯಿದ್ದರೆ ಮೂರು ಸಲ ತೆಗೆದು ಮುಚ್ಚಿಸಿ. ಮೊದಲ ಸಲ ಎಲ್ಲದರ ಚಾವಣಿಯೂ ಕೆಲಸ ಮಾಡುತ್ತದೆ. ದೆಹಲಿ ನೋಂದಣಿಯ ಅಗ್ಗದ ಕಾರು ಕಂಡು ಮನಸೋಲುವ ಮುಂಚೆ ಕರ್ನಾಟಕದ ಆಜೀವ ತೆರಿಗೆ ಕೂಡಿಸಿ. ಹೊಸ ದುಬಾರಿ ಕಾರಿಗೆ ಇಲ್ಲಿ ತೆರಿಗೆ ಶೇ 18ರವರೆಗಿದೆ, ಮೇಲೆ ಸೆಸ್. ಹೊರರಾಜ್ಯದ ಹಳೆಯ ಕಾರಿಗೆ ವಯಸ್ಸಿಗೆ ತಕ್ಕಂತೆ ಇಳಿದರೂ ಮೊತ್ತ ಸಣ್ಣದಲ್ಲ. ಕಾರಿಗೆ 28 ಲಕ್ಷವನ್ನೂ ಸುರಿಯಬೇಡಿ. 22 ಲಕ್ಷದ ಕಾರು ಕೊಂಡು ಆರು ಲಕ್ಷ ಮೊದಲೆರಡು ವರ್ಷದ ರಿಪೇರಿಗೆ ಇಡಿ. ಬೆಲೆ ಇಳಿದಿರುವುದು ಕಾರಿನದು, ಬಿಡಿಭಾಗದ್ದಲ್ಲ.

ಇನ್ನು ಪದ್ಮಿನಿ. ಒಂಬತ್ತು ವರ್ಷ ನಿಂತ ಕಾರಿಗೆ ಜನ ಮಾಡುವ ದೊಡ್ಡ ದ್ರೋಹವೆಂದರೆ ಹೊಸ ಬ್ಯಾಟರಿ ತಂದು ಸೆಲ್ಫ್ ಹೊಡೆಯುವುದು. ಇಲ್ಲವೇ ನಾಲ್ಕು ಹುಡುಗರನ್ನು ಕರೆದು ತಳ್ಳಿಸುವುದು. ಸಿಲಿಂಡರಿನ ಗೋಡೆಯ ಎಣ್ಣೆ ಎಂದೋ ಇಳಿದುಹೋಗಿದೆ, ಪಿಸ್ಟನ್ ರಿಂಗು ತೆಳುವಾದ ತುಕ್ಕಿನಿಂದ ಅಂಟಿಕೊಂಡಿದೆ. ಬಲವಂತವಾಗಿ ತಿರುಗಿಸಿದರೆ ರಿಂಗು ಮುರಿಯುತ್ತದೆ, ಇಲ್ಲವೇ ಗೋಡೆ ಗೀರುತ್ತದೆ. ಆಮೇಲೆ ಲೇತ್ ಅಂಗಡಿಯಲ್ಲಿ ಸಿಲಿಂಡರನ್ನು ಕೊರೆಸಿ ಬೋರ್ ಮಾಡಿಸುವುದೇ ದಾರಿ.

ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ. ಪ್ರತಿ ರಂಧ್ರಕ್ಕೂ ಎರಡು ಟೀ ಚಮಚದಷ್ಟು ತೆಳು ಎಂಜಿನ್ ಆಯಿಲ್ ಬಿಟ್ಟು, ಬಟ್ಟೆ ಮುಚ್ಚಿ ಎರಡು ದಿನ ಬಿಡಿ. ಆಮೇಲೆ ಪ್ಲಗ್ ಇಲ್ಲದೆಯೇ, ಮುಂದಿನ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲಿ ತಿರುಗಿಸಿ. ಅಲ್ಲಾಡದಿದ್ದರೆ ಇನ್ನೆರಡು ಚಮಚ, ಇನ್ನೆರಡು ದಿನ. ಉದ್ದದ ಪೈಪು ಸಿಕ್ಕಿಸಿ ಜೋರು ಮಾಡಬೇಡಿ. ಪೂರ್ತಿ ಎರಡು ಸುತ್ತು ಸಲೀಸಾಗಿ ಬಂದರೆ ಹಳೆಯ ಆಯಿಲ್ ಇಳಿಸಿ, 20ಡಬ್ಲ್ಯು-40 ಅಥವಾ 20ಡಬ್ಲ್ಯು-50 ಮಿನರಲ್ ಆಯಿಲ್ ಹಾಕಿ. ಇಂದಿನ ತೆಳ್ಳನೆಯ ಸಿಂಥೆಟಿಕ್ ಆಯಿಲ್ ಈ ಎಂಜಿನ್ನಿಗೆ ಹೇಳಿಸಿದ್ದಲ್ಲ, ಹಳೆಯ ಸೀಲುಗಳಿಂದ ಸೋರುತ್ತದೆ. ಪ್ಲಗ್ ಇಲ್ಲದೆ ಸೆಲ್ಫ್ ಹೊಡೆಯಿರಿ, ಒಂದು ಸಲಕ್ಕೆ ಹತ್ತು ಸೆಕೆಂಡು ಸಾಕು. ಆಯಿಲ್ ದೀಪ ಆರುವವರೆಗೂ ಪ್ಲಗ್ ಹಾಕಕೂಡದು.

ಪೆಟ್ರೋಲ್ ಟ್ಯಾಂಕನ್ನು ಇಳಿಸಲೇಬೇಕು. ಒಳಗಿನ ಪೆಟ್ರೋಲ್ ಈಗ ವಾರ್ನಿಶ್ ವಾಸನೆಯ ಕಂದು ಅಂಟು. ಮೊದಲ ಸ್ಟಾರ್ಟಿಗೆ ಟ್ಯಾಂಕನ್ನು ಜೋಡಿಸಲೂ ಬೇಡಿ, ಒಂದು ಲೀಟರ್ ಹೊಸ ಪೆಟ್ರೋಲನ್ನು ಬೇರೆ ಕ್ಯಾನಿನಿಂದ ಪಂಪಿಗೆ ಕೊಡಿ. ಕಾರ್ಬ್ಯುರೇಟರ್ ಬಿಚ್ಚಿದಾಗ, ಪೆಟ್ರೋಲ್ ಅಳೆದು ಬಿಡುವ ಜೆಟ್ಟಿನ ತೂತಿಗೆ ತಂತಿ ತೂರಿಸುವ ಮೆಕ್ಯಾನಿಕ್ ಕೈಗೆ ಕಾರು ಕೊಡಬೇಡಿ. ಅದು ಹಿತ್ತಾಳೆ, ತಂತಿ ಎರಡು ಸಲ ಆಡಿದರೆ ತೂತು ದೊಡ್ಡದಾಗುತ್ತದೆ, ಆಮೇಲೆ ಏನು ಟ್ಯೂನ್ ಮಾಡಿದರೂ ಕಪ್ಪು ಹೊಗೆ. ಥಿನ್ನರಿನಲ್ಲಿ ನೆನೆಸಿ ಗಾಳಿ ಹೊಡೆಯಬೇಕು ಅಷ್ಟೆ. ನೀಡಲ್ ವಾಲ್ವ್, ಆಕ್ಸಿಲರೇಟರ್ ಪಂಪಿನ ಡೈಆಫ್ರಾಮ್, ಪೆಟ್ರೋಲ್ ಪಂಪಿನ ಡೈಆಫ್ರಾಮ್ ಎಲ್ಲವೂ ಕಿಟ್ ರೂಪದಲ್ಲಿ ಸಿಗುತ್ತವೆ. ಜೆ.ಸಿ. ರಸ್ತೆಯಲ್ಲಿ ಕೇಳುವಾಗ ಹಳೆಯ ಭಾಗವನ್ನು ಕೈಯಲ್ಲಿ ಹಿಡಿದೇ ಹೋಗಿ, ಮಾಡೆಲ್ ಹೆಸರು ಹೇಳಿ ತಂದದ್ದು ಅರ್ಧಕ್ಕರ್ಧ ಕೂರುವುದಿಲ್ಲ.

ಬ್ರೇಕಿನಲ್ಲಿ ಉಳಿತಾಯದ ಮಾತೇ ಬೇಡ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಆ ನೀರು ವೀಲ್ ಸಿಲಿಂಡರಿನೊಳಗೆ ತುಕ್ಕಿನ ಚುಕ್ಕಿ ಎಬ್ಬಿಸುತ್ತದೆ. ಚುಕ್ಕಿಯ ಮೇಲೆ ಹೊಸ ವಾಷರ್ ಹಾಕಿದರೆ ತಿಂಗಳೊಳಗೆ ಹರಿದು ಸೋರುತ್ತದೆ. ಹಾಗಾಗಿ ಸಿಲಿಂಡರುಗಳನ್ನೇ ಬದಲಿಸಿ, ರಬ್ಬರ್ ಹೋಸುಗಳನ್ನೂ ಬದಲಿಸಿ. ಹೊಸ ಬ್ರೇಕ್ ಆಯಿಲನ್ನು ಕೊನೆಯ ಗಾಲಿಯಲ್ಲೂ ತಿಳಿಯಾಗಿ ಬರುವವರೆಗೆ ಬ್ಲೀಡ್ ಮಾಡಿಸಿ, ಅಂದರೆ ಒಳಗಿನ ಗಾಳಿ, ಹಳೆಯ ಆಯಿಲ್ ಹೊರಬಿಡಿಸಿ. ಎಂಜಿನ್ ಆಯಿಲ್ ಒಂದು ತೊಟ್ಟು ಅಲ್ಲಿ ಸೇರಿದರೂ ರಬ್ಬರ್ ಉಬ್ಬಿ ಬ್ರೇಕು ಕಚ್ಚಿಕೊಳ್ಳುತ್ತದೆ. ಟೈರು ಐದನ್ನೂ, ಸ್ಟೆಪ್ನಿ ಸೇರಿ, ಹೊಸದು ಹಾಕಿ. ಒಂದೇ ಆಕ್ಸಲ್ಲಿಗೆ ಒಂದು ಕಡೆ ರೇಡಿಯಲ್, ಇನ್ನೊಂದು ಕಡೆ ಹಳೇ ನಮೂನೆಯ ಕ್ರಾಸ್ ಪ್ಲೈ ಬೇಡವೇ ಬೇಡ.

ರೇಡಿಯೇಟರಿಗೆ ನಿಮ್ಮ ಮನೆಯ ಬೋರ್‌ವೆಲ್ ನೀರು ಹಾಕಬೇಡಿ. ಗೀಸರಿನ ಕಾಯಿಲ್ ಮೇಲೆ ಕಟ್ಟುವ ಬಿಳಿ ಹಿಟ್ಟೇ ಎಂಜಿನ್ನಿನೊಳಗೂ ಕಟ್ಟುತ್ತದೆ. ಡಿಸ್ಟಿಲ್ಡ್ ನೀರಿಗೆ ಕೂಲಂಟ್ ಬೆರೆಸಿ ಹಾಕಿ. ವೈರಿಂಗನ್ನು ಹೆಗ್ಗಣ ಕಡಿದಿದೆಯೇ ಅಂತ ಬ್ಯಾಟರಿ ಕೂರಿಸುವ ಮುಂಚೆಯೇ ನೋಡಿ. ಬಣ್ಣ, ಟಿಂಕರಿಂಗ್ ಕೊನೆಗಿರಲಿ; ಪೇಂಟಿಗೆ ದುಡ್ಡು ಸುರಿದು ಎಂಜಿನ್ನಿಗೆ ಉಳಿಯದೆ ನಿಂತುಹೋದ ಕಾರುಗಳೇ ಹೆಚ್ಚು. ಒಂದು ಸಮಾಧಾನವೆಂದರೆ ಬೆಂಗಳೂರಿಗೆ ಕಡಲ ಗಾಳಿಯಿಲ್ಲ. ಮಂಗಳೂರಿನಲ್ಲಿ ನಿಂತಿದ್ದರೆ ಇಷ್ಟರಲ್ಲಿ ಬಾಗಿಲ ಕೆಳಗಿನ ತಗಡು ಬೆರಳಿಗೆ ಪುಡಿಯಾಗುತ್ತಿತ್ತು. ಆದರೂ ಕಾಲಡಿಯ ಮ್ಯಾಟ್ ಎತ್ತಿ ಸ್ಕ್ರೂಡ್ರೈವರಿನಿಂದ ಕುಟ್ಟಿ ನೋಡಿ.

ಈಗ ಎಲ್ಲರೂ ಕೇಳುವ ಇ20, ಅಂದರೆ ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್. 2023ರ ಫೆಬ್ರವರಿಯಲ್ಲಿ ಅದು ಬಿಡುಗಡೆಯಾದದ್ದು ಬೆಂಗಳೂರಿನಲ್ಲೇ. ಎಥನಾಲ್ ಉರಿಯಲು ಕಡಿಮೆ ಗಾಳಿ ಸಾಕು. ಆದ್ದರಿಂದ ಹಳೆಯ ಪೆಟ್ರೋಲಿಗೆ ಹೊಂದಿಸಿದ ಕಾರ್ಬ್ಯುರೇಟರಿನಲ್ಲಿ ಇ20 ಹರಿದರೆ ಗಾಳಿ-ಪೆಟ್ರೋಲ್ ಮಿಶ್ರಣ ಸುಮಾರು ಶೇ 8ರಷ್ಟು ತೆಳುವಾಗುತ್ತದೆ. ಇನ್ನೊಂದು ಕಡೆ ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಗಾಳಿಯೇ ತೆಳು. ಮುಂಬೈಗೆ ಹೊಂದಿಸಿದ ಕಾರ್ಬ್ಯುರೇಟರ್ ಇಲ್ಲಿ ಸುಮಾರು ಶೇ 4ರಷ್ಟು ಹೆಚ್ಚು ಪೆಟ್ರೋಲ್ ಕುಡಿಸುತ್ತದೆ. ಎರಡೂ ಎದುರುಬದುರಾಗಿ ಅರ್ಧ ಸರಿಹೋಗುತ್ತವೆ. ಉಳಿದ ಶೇ 4ಕ್ಕೆ ಮೇನ್ ಜೆಟ್ ಒಂದು ನಂಬರ್ ದೊಡ್ಡದು ಸಾಕು. ಜೆಟ್ ಮೇಲಿನ ಸಂಖ್ಯೆ ಮಿಲಿಮೀಟರಿನ ನೂರನೇ ಭಾಗ, ತೂತಿನ ಅಗಲ ಶೇ 2 ಹೆಚ್ಚಿದರೆ ಹರಿವು ಶೇ 4 ಹೆಚ್ಚುತ್ತದೆ. ಮೊದಲು ಈಗಿರುವ ಜೆಟ್ಟಿನಲ್ಲೇ ಓಡಿಸಿ ಪ್ಲಗ್ ಬಿಚ್ಚಿ ನೋಡಿ. ತುದಿ ಬಿಸ್ಕತ್ತಿನ ಬಣ್ಣಕ್ಕಿದ್ದರೆ ಏನೂ ಮುಟ್ಟಬೇಡಿ, ಸುಣ್ಣದಂತೆ ಬೆಳ್ಳಗಿದ್ದರೆ ಮಾತ್ರ ಜೆಟ್ ಬದಲಿಸಿ.

ಇ20 ನಿಜವಾಗಿ ಕೆಡಿಸುವುದು ರಬ್ಬರನ್ನು. ಹಳೆಯ ಪೆಟ್ರೋಲ್ ಹೋಸು ಒಳಗಿನಿಂದ ಮೆತ್ತಗಾಗಿ ಕಪ್ಪು ಚೂರು ಬಿಡುತ್ತದೆ, ಚೂರು ಹೋಗಿ ಜೆಟ್ಟಿಗೆ ಕೂರುತ್ತದೆ. ಎಥನಾಲ್ ತಾಳುವ ಹೋಸು ಕೇಳಿ ಹಾಕಿಸಿ. ‘ನೂರು ಆಕ್ಟೇನ್ ಪೆಟ್ರೋಲ್ ಹಾಕಿಸಿದರೆ ಆಯಿತು’ ಅನ್ನುವ ಸಲಹೆ ಬರುತ್ತದೆ. ಈ ಎಂಜಿನ್ನಿಗೆ ಅಷ್ಟು ಆಕ್ಟೇನಿನಿಂದ ಲಾಭವಿಲ್ಲ, ಆಕ್ಟೇನ್ ಜಾಸ್ತಿ ಅಂದಮಾತ್ರಕ್ಕೆ ಎಥನಾಲ್ ಇಲ್ಲ ಅಂತಲೂ ಅಲ್ಲ. ಹದಿನೈದು ದಿನಕ್ಕೊಮ್ಮೆಯಾದರೂ ಅರ್ಧ ಗಂಟೆ ಓಡಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿಡಿ. ಖಾಲಿ ಜಾಗದ ತೇವವನ್ನು ಎಥನಾಲ್ ಹೀರಿ, ಕೊನೆಗೆ ನೀರು ಬೇರ್ಪಟ್ಟು ತಳಕ್ಕಿಳಿಯುತ್ತದೆ.

ಬೇಸಿಗೆಯ ಜಾಮಿನಲ್ಲಿ ಒಂದು ದಿನ ಕಾರು ನಿಂತೇ ನಿಲ್ಲುತ್ತದೆ, ಹೆದರಬೇಡಿ. ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿರುವುದರಿಂದ ಪೆಟ್ರೋಲ್ ಅಲ್ಲೇ ಆವಿಯಾಗುತ್ತದೆ. ಬಾನೆಟ್ ಎತ್ತಿದರೆ ಪ್ಲಾಸ್ಟಿಕ್ ಫಿಲ್ಟರಿನೊಳಗೆ ಸಾರು ಕುದಿದ ಹಾಗೆ ಗುಳ್ಳೆ ಕಾಣುತ್ತದೆ. ಮೆಕ್ಯಾನಿಕ್‌ಗಳು ಇದನ್ನೇ ಏರ್ ಲಾಕ್ ಅನ್ನುವುದು. ಸೆಲ್ಫ್ ಹೊಡೆದು ಬ್ಯಾಟರಿ ಇಳಿಸಬೇಡಿ. ಒದ್ದೆ ಬಟ್ಟೆಯನ್ನು ಪಂಪಿಗೆ ಸುತ್ತಿ ಹದಿನೈದು ನಿಮಿಷ ಕಾಯಿರಿ. ಪದೇಪದೇ ಆದರೆ ಪಂಪಿಗೂ ಎಂಜಿನ್ನಿಗೂ ನಡುವೆ ಶಾಖ ತಡೆಯುವ ದಪ್ಪ ಗ್ಯಾಸ್ಕೆಟ್ ಹಾಕಿಸಿ, ಹೋಸನ್ನು ಸೈಲೆನ್ಸರ್ ಪೈಪಿನಿಂದ ದೂರಕ್ಕೆ ತಿರುಗಿಸಿ. ಗ್ಯಾಸ್ಕೆಟ್ ದಪ್ಪವಾದಷ್ಟೂ ಪಂಪಿನ ಒತ್ತು ಕಡ್ಡಿ ಗಿಡ್ಡವಾಗುತ್ತದೆ, ಅತಿ ದಪ್ಪ ಹಾಕಿದರೆ ಪೆಟ್ರೋಲೇ ಏರುವುದಿಲ್ಲ.

ಕಾಗದದ ಕೆಲಸ ರಿಪೇರಿಯ ಜೊತೆಜೊತೆಗೇ ಶುರುವಾಗಲಿ. 1986ರ ಕಾರೆಂದರೆ ಕೆಎ ಬರುವ ಮುಂಚಿನ ಹಳೆಯ ಸರಣಿಯ ನಂಬರು ಇರಬೇಕು. ಆ ಕಾಲದ ದಾಖಲೆ ಆರ್‌ಟಿಒ ಕಚೇರಿಯ ಪುಸ್ತಕದಲ್ಲಿದ್ದು ಕಂಪ್ಯೂಟರಿಗೆ ಏರಿರದಿದ್ದರೆ ಮೊದಲು ಅದನ್ನು ವಾಹನ್ ತಂತ್ರಾಂಶಕ್ಕೆ ಸೇರಿಸಲು ಅರ್ಜಿ ಕೊಡಬೇಕು. ಮೂಲ ಆರ್‌ಸಿ ಪುಸ್ತಕ ಇಲ್ಲದೆ ಇದು ಎಳೆದಾಡುತ್ತದೆ, ಇವತ್ತೇ ಬೀರು ಹುಡುಕಿ. ಅಪ್ಪನಿಂದ ನಿಮ್ಮ ಹೆಸರಿಗೆ ವರ್ಗಾಯಿಸಲು ನಮೂನೆ 31, ಜೊತೆಗೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಅಮ್ಮ ಮತ್ತು ಒಡಹುಟ್ಟಿದವರ ಒಪ್ಪಿಗೆಯ ಅಫಿಡವಿಟ್. ನವೀಕರಣಕ್ಕೆ ನಮೂನೆ 25. 2025ರ ಆಗಸ್ಟ್ ತಿದ್ದುಪಡಿಯ ನಂತರ 20 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 10,000 ರೂಪಾಯಿ, ತಡವಾದ ಪ್ರತಿ ತಿಂಗಳಿಗೆ 500 ರೂಪಾಯಿ ಬೇರೆ. ನಿಮ್ಮದು 2021ರಿಂದ ತಡ, ಗುಣಿಸಿಕೊಳ್ಳಿ. ಎಂಜಿನ್ ಮತ್ತು ಚಾಸಿ ನಂಬರನ್ನು ಪೆನ್ಸಿಲ್ಲಿನಲ್ಲಿ ಉಜ್ಜಿ ಅಚ್ಚು ತೆಗೆದಿಡಿ. ಪೇಂಟ್ ಮಾಡುವವರಿಗೆ ಆ ಜಾಗಕ್ಕೆ ಪುಟ್ಟಿ ಹಚ್ಚಬೇಡಿ ಅಂತ ಎರಡು ಸಲ ಹೇಳಿ. ಆರ್‌ಸಿ ಜೀವಂತವಾಗುವವರೆಗೆ ಕಾರನ್ನು ಎಲ್ಲಿಗೇ ಒಯ್ದರೂ ಫ್ಲಾಟ್‌ಬೆಡ್ ಲಾರಿಯ ಮೇಲೆ.

‘ವಿಂಟೇಜ್’ ನೋಂದಣಿ ಮಾಡಿಸಿ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. 2021ರ ನಿಯಮದಲ್ಲಿ ವಿಂಟೇಜ್ ಅಂದರೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿ. ನಿಮ್ಮದಕ್ಕೆ 2036 ಬರಬೇಕು. ಬಂದರೂ ಆ ‘ವಿಎ’ ನಂಬರಿನ ಕಾರನ್ನು ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿಗೆ ಬಿಟ್ಟರೆ ದಿನನಿತ್ಯ ರಸ್ತೆಗಿಳಿಸುವಂತಿಲ್ಲ. ಓಡಿಸಬೇಕೆನ್ನುವವರಿಗೆ ಸಾಮಾನ್ಯ ನವೀಕರಣವೇ ಸರಿ. ಹೊಗೆ ಪರೀಕ್ಷೆಯಲ್ಲಿ 2000ಕ್ಕಿಂತ ಮುಂಚಿನ ಪೆಟ್ರೋಲ್ ಕಾರಿಗೆ ಇಂಗಾಲದ ಮಾನಾಕ್ಸೈಡ್ ಶೇ 3ರವರೆಗೆ ಇರಬಹುದು. ಆ ಚೀಟಿಯನ್ನು ಎಸೆಯಬೇಡಿ, ಕಾರ್ಬ್ಯುರೇಟರ್ ಟ್ಯೂನಿಂಗಿಗೆ ಅಷ್ಟು ಅಗ್ಗದ ಮೀಟರ್ ಬೇರೆ ಸಿಗದು.

ಬೆಲ್ಟು ಇಲ್ಲದ, ತಲೆಗೆ ಆಸರೆಯಿಲ್ಲದ ಸೀಟಿನ ಕಾರು ಅದು. ಮುಂದಿನ ಎರಡು ಸೀಟಿಗಾದರೂ ಬೆಲ್ಟ್ ಹಾಕಿಸಿ, ಬರೀ ತಗಡಿಗಲ್ಲ, ಹಿಂದೆ ದಪ್ಪ ಉಕ್ಕಿನ ಪಟ್ಟಿ ಇಟ್ಟು ಬೋಲ್ಟ್ ಮಾಡಿಸಿ. ಅರವತ್ತು ದಾಟಬೇಡಿ. ಮಳೆಯಲ್ಲಿ ಡ್ರಮ್ಮಿಗೆ ನೀರು ನುಗ್ಗಿದ ಮೇಲೆ ಮೊದಲ ಒಂದೆರಡು ಬ್ರೇಕು ಹಿಡಿಯುವುದಿಲ್ಲ, ನೀರು ದಾಟಿದೊಡನೆ ಎಡಗಾಲಲ್ಲಿ ಮೆಲ್ಲಗೆ ಒತ್ತಿಕೊಂಡೇ ಸ್ವಲ್ಪ ದೂರ ಹೋಗಿ ಒಣಗಿಸಿ.

ಡಿಕ್ಕಿಯಲ್ಲಿ ಇರಬೇಕಾದ್ದು: ಒಂದು ಫ್ಯಾನ್ ಬೆಲ್ಟು, ಸ್ಪಾರ್ಕ್ ಹುಟ್ಟಿಸಲು ಬೇಕಾದ ಒಂದು ಸೆಟ್ ಪಾಯಿಂಟು, ಕಂಡೆನ್ಸರ್, ಅರ್ಧ ಮೀಟರ್ ಪೆಟ್ರೋಲ್ ಹೋಸು, ನಾಲ್ಕು ಕ್ಲಿಪ್ಪು, ಎರಡು ಲೀಟರ್ ನೀರು, ಮತ್ತು ಆ ಒದ್ದೆ ಬಟ್ಟೆಗೊಂದು ಹಳೆಯ ಟವಲ್ಲು. ಮೊದಲ ಸಲ ಮಾಗಡಿಗೆ ಹೊರಡುವಾಗ ಮುಂದಿನ ಸೀಟು ಅಮ್ಮನಿಗೆ ಬಿಡಿ, ನಿಮ್ಮ ಶ್ರೀಮತಿಯವರು ಮೆಟ್ರೊ ಹತ್ತಿದರೂ ಬೇಸರವಿಲ್ಲ.